ಖಾಡಿಯ ಚರಗ

ಕೊಳವಡೆ ಬಂದರ
೧೦ ಜನವರಿ ೧೯೩೨

ವಾಗದರಿಯ ಆಯಿಯ ಪಾದಕ್ಕೆ ಮೊಮ್ಮಗಳು ರತ್ನಿಯ ಶರಣು.

ಎಳ್ಳಮಾಸಿ ಮುಗಿಯಿತು. ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಭೂಮಿತಾಯಿಗೆ ಚರಗದ ಎಡೆ ಚೆಲ್ಲಿದೆ. ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಭಜ್ಜಿ, ಹಿಂಡಿಪಲ್ಯ, ಅಂಬಲಿ, ಯಾವುದನ್ನೂ ಬಿಡಲಿಲ್ಲ. ಸಜ್ಜಿ ಹಿಟ್ಟನ್ನು ಮಾವನವರು ಸೋಲಾಪುರದಿಂದ ಕಳಿಸಿದ್ದರು. ಎಲ್ಲ ಆಯಿತು, ಹೊಲ ಎಲ್ಲಿದೆ? ನಮ್ಮ ಮನೆಯ ಮುಂದೆ ಇವರು ನೋಡಿಕೊಳ್ಳುವ ಕಂಪನಿಯ ಎಣ್ಣೆ ಟಾಕಿ, ಹಿಂದೆ ಖಾಡಿ. ಖಾಡಿ ಎಂದರೆ ಸಮುದ್ರವು ನೆಲದೊಳಗೆ ನಾಲಿಗೆ ಚಾಚಿದ ಹಾಗೆ ಬಂದ ನೀರು. ದಿನಕ್ಕೆರಡು ಸಲ ತುಂಬುತ್ತದೆ, ಎರಡು ಸಲ ಇಳಿಯುತ್ತದೆ. ಇಳಿದಾಗ ಬರೀ ಕೆಸರು.

ಬುಟ್ಟಿ ಹೊತ್ತು ದಂಡೆಯ ಮೇಲೆ ನಿಂತಿದ್ದೆ. ಚಿಪ್ಪು ಆರಿಸುವ ಯೆಸೂಬಾಯಿ ಮೊಣಕಾಲುದ್ದ ಕೆಸರಿನಿಂದ ತಲೆ ಎತ್ತಿ ಏನೆಂದು ಕೇಳಿದಳು. ಅವಳ ಮರಾಠಿ ಬೇರೆ, ನಮ್ಮ ಅಕ್ಕಲಕೋಟೆ ಕಡೆಯ ಮರಾಠಿ ಬೇರೆ. ಹೇಗೋ ಹೇಳಿದೆ: ಈ ದಿನ ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು, ಹೊಲ ಬೇಕು. ಅವಳು ಕೆಸರಿನ ಮೇಲೆ ಕೈ ಬೀಸಿ, "ಇದೇ ನಮ್ಮ ಹೊಲ. ಇವಳು ವರ್ಷವಿಡೀ ಬಸುರಿ," ಎಂದಳು.

ಹುಲಿಗ್ಯೋ ಹುಲಿಗ್ಯೋ ಎಂದು ಕೂಗಿ ಚೆಲ್ಲಿದೆ ಆಯಿ. ಕೆಸರು ತುಂಬ ಸಣ್ಣ ಸಣ್ಣ ತೂತು. ಒಂದೊಂದು ತೂತಿನಿಂದ ಒಂದೊಂದು ಏಡಿ ಬಂತು, ಉಗುರಿನಷ್ಟು ಮೈ, ಮೈಗಿಂತ ದೊಡ್ಡದಾದ ಒಂದೇ ಕೆಂಪು ಕೈ. ಕಡಬನ್ನು ಎಳೆದುಕೊಂಡು ಒಳಗೆ ಹೋದವು. ಮೇಲಿನಿಂದ ಬೆಳ್ಳಕ್ಕಿ ಇಳಿದವು. ನೀರೊಳಗೆ ನಿಲ್ಲುವ ಒಂದು ಗಿಡವಿದೆ, ತಿವರ ಎನ್ನುತ್ತಾರೆ. ಅದು ಬೇರುಗಳನ್ನು ಮೂಗಿನ ಹಾಗೆ ಕೆಸರಿನ ಮೇಲೆ ಚಾಚಿ ಉಸಿರಾಡುತ್ತದೆ. ಆ ಬೇರುಗಳ ನಡುವೆಯೇ ಮೀನು ಮರಿ ಹಾಕುವುದಂತೆ. ಅಲ್ಲಿಯೂ ಒಂದು ಹಿಡಿ ಚೆಲ್ಲಿದೆ.

ಇವರು ಕಟ್ಟೆಯ ಮೇಲೆ ನಿಂತು ನಕ್ಕರು. "ನಮ್ಮಪ್ಪ ಸಜ್ಜಿ ಕಳಿಸಿದ್ದು ಏಡಿಗೋಳ ಸೀಮಂತಕ್ಕೇನ?" ಎಂದರು. ನಾನೂ ನಕ್ಕೆ.

ರತ್ನಿ

•

ವಾಗದರಿ
೨೦ ಜನವರಿ ೧೯೩೨

ರತ್ನಿಗೆ ಆಯಿಯ ಆಶೀರ್ವಾದ, ಅದರ ಹಿಂದೆಯೇ ಬೈಗುಳ.

ನಿನ್ನ ಕಾಗದವನ್ನು ನಾನೇ ಓದಿದೆ. ಮಾಸ್ತರ ಬಸಯ್ಯ ಓದಿಕೊಡಲು ಕೈ ಚಾಚಿದ. ಹುಡುಗಿಯಾಗಿದ್ದಾಗ ಗಾವಠಿ ಸಾಲೆಗೆ ಹೋಗಿ ಕೈಗೆ ಛಡಿ ತಿಂದದ್ದು ಯಾತಕ್ಕೆ ಎಂದು ಕಸಿದುಕೊಂಡೆ.

ಏಡಿಗೆ ಚರಗ! ಕೊರಳಲ್ಲಿ ಲಿಂಗ ಇದೆಯೋ, ಅದನ್ನೂ ಏಡಿಗೆ ಕಟ್ಟಿದೆಯೋ? ಮೀನಿನ ವಾಸನೆ ಬಂದರೆ ದಾರಿ ಬದಲಿಸುವ ಮನೆತನ ನಮ್ಮದು. ತಾಯಿಲ್ಲದ ಕೂಸು ಎಂದು ನಿನ್ನನ್ನು ಸಡಿಲ ಬಿಟ್ಟು ಬೆಳೆಸಿದ್ದೇ ತಪ್ಪು. ಒಂದು ಕುಂಡದಲ್ಲಿ ನಾಲ್ಕು ಜೋಳದ ಕಾಳು ಹಾಕಿ ಅದಕ್ಕೇ ಪೂಜೆ ಮಾಡಿದ್ದರೆ ಆಗುತ್ತಿತ್ತು. ಈ ಬುದ್ಧಿ ನಿನಗೂ ಬರಲಿಲ್ಲ, ನಗುತ್ತಾ ನಿಂತ ನಿನ್ನ ಗಂಡನಿಗೂ ಬರಲಿಲ್ಲ.

ಇಷ್ಟು ಬೈದ ಮೇಲೆ ಒಂದು ಕೇಳುತ್ತೇನೆ. ಏಡಿ ಮೊದಲು ಏನು ಎತ್ತಿಕೊಂಡಿತು? ಕಡಬೋ ಭಜ್ಜಿಯೋ? ನಮ್ಮ ಹೊಲದಲ್ಲಿ ಇಲಿ ಯಾವಾಗಲೂ ಕಡಬನ್ನೇ ಒಯ್ಯುತ್ತದೆ.

ಗುರುಲಿಂಗಮ್ಮ

•

ಕೊಳವಡೆ ಬಂದರ
೨೮ ಸೆಪ್ಟೆಂಬರ್ ೧೯೩೨

ಆಯಿಗೆ ಶರಣು.

ಕಾಗದ ಬರೆಯಲು ತಡವಾಯಿತು. ಇಲ್ಲಿ ಮಳೆ ಬಹಳ. ಈ ತಿಂಗಳು ಟಾಕಿಯಿಂದ ಕಪ್ಪೆಣ್ಣೆ ಖಾಡಿಗೆ ಇಳಿಯಿತು. ಆಗಬೋಟಿಗಳು ಕಲ್ಲಿದ್ದಲಿನ ಬದಲು ಈಗ ಉರಿಸುತ್ತವಲ್ಲ, ಆ ಎಣ್ಣೆ. ಟಾಕಿಯ ತಳದ ತೂಬನ್ನು ತೆರೆದು ಮುಚ್ಚುವ ಚಕ್ರ ಮುರಿದಿತ್ತು. ಯಾರೋ ಮುರಿದರು ಎಂದು ಇವರು ಹೇಳುತ್ತಾರೆ.

ವಾಸನೆಗೆ ಊಟ ಸೇರುವುದಿಲ್ಲ. ಯೆಸೂಬಾಯಿ ಈಗ ನಮ್ಮ ಮನೆಯ ಕಡೆ ಬರುವುದಿಲ್ಲ. ಉಳಿದಂತೆ ಆರಾಮ ಇದ್ದೇವೆ. ಚಿಂತೆ ಮಾಡಬೇಡ.

ರತ್ನಿ

•

ವಾಗದರಿ
೯ ಅಕ್ಟೋಬರ್ ೧೯೩೨

ರತ್ನಿಗೆ.

ಎಣ್ಣೆ ವಾಸನೆಗೆ ಊಟ ಸೇರುವುದಿಲ್ಲವಂತೆ! ನಿನ್ನನ್ನು ಕೊಟ್ಟದ್ದೇ ಎಣ್ಣೆಯ ಮನೆಗೆ. ನಿನ್ನ ಮಾವ ಚನ್ನವೀರಪ್ಪ ಕುಸುಬಿ ಗಾಣ ತಿರುಗಿಸಿ ಸೋಲಾಪುರದಲ್ಲಿ ಮಾಳಿಗೆ ಏರಿಸಿದ. ಗಂಡ ಕಂಪನಿಯ ಎಣ್ಣೆಯ ಏಜೆಂಟಿಕೆ ಎಂದು ಸಮುದ್ರದ ತನಕ ಹೋದ. ಎಣ್ಣೆ ಬೇಡ, ಎಣ್ಣೆಯವರು ಉಡಿಸಿದ ಸೀರೆ ಬೇಕು. ಇಂಥ ಸೊಕ್ಕು ನನ್ನ ಮುಂದೆ ಬೇಡ.

ನೀರಿಗೆ ಎಣ್ಣೆ ಬಿದ್ದದ್ದನ್ನು ನಾವೂ ಕಂಡಿದ್ದೇವೆ. ಹೋದ ವರ್ಷ ಸೊಳ್ಳೆ ಸಾಯಲೆಂದು ಸರಕಾರದ ಮನುಷ್ಯ ನಮ್ಮ ಹೊಂಡಕ್ಕೆ ಗ್ಯಾಸೆಣ್ಣೆ ಹೊಯ್ದ. ಸೊಳ್ಳೆ ಸತ್ತವೋ ಇಲ್ಲವೋ, ಕಪ್ಪೆಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ನಾನು ಜೋಳದ ಕಣಕಿ ಹರವಿಸಿ ಎಣ್ಣೆ ಹೀರಿಸಿದೆ, ಮಳೆಗೆ ಹೊಂಡ ತಿಳಿಯಾಯಿತು. ನಿಮ್ಮದು ಸಮುದ್ರ. ನಮ್ಮ ಹೊಂಡಕ್ಕೆ ಆಗಿದ್ದು ಅದಕ್ಕೆ ಆಗದೆ ಇರುತ್ತದೆಯೇ? ಗಂಡನಿಗೆ ಹೇಳಿ ಒಂದೆರಡು ಗಾಡಿ ಹುಲ್ಲು ಹಾಕಿಸು. ಮೂಗು ಮುರಿಯುವುದನ್ನು ಬಿಟ್ಟು ಉಣ್ಣು.

ಗುರುಲಿಂಗಮ್ಮ

•

ಕೊಳವಡೆ ಬಂದರ
೩೦ ಡಿಸೆಂಬರ್ ೧೯೩೨

ಆಯಿಗೆ ಶರಣು.

ನೀನು ಹೇಳಿದ ಹುಲ್ಲಿಗೆ ಸೋಲಾಪುರ ಜಿಲ್ಲೆಯ ಬಣವೆಗಳೆಲ್ಲ ಸಾಲುವುದಿಲ್ಲ. ಎಣ್ಣೆ ನೀರಿನ ಮೇಲಿಲ್ಲ ಆಯಿ. ನೀರು ತುಂಬಿದಾಗ ದಂಡೆ ಹತ್ತುತ್ತದೆ, ಇಳಿದಾಗ ಕೆಸರಿನಲ್ಲಿ ಕೂರುತ್ತದೆ. ಕೆಸರನ್ನು ಕಾಲಿಂದ ಒತ್ತಿದರೆ ತೂತುಗಳಿಂದ ಕಪ್ಪಗೆ ಉಕ್ಕುತ್ತದೆ. ತಿವರದ ಬೇರುಗಳು, ಆ ಮೂಗುಗಳು, ಡಾಂಬರು ಬಳಿದ ಹಾಗಾಗಿವೆ. ಗಿಡದ ಎಲೆ ಹಳದಿಯಾಗಿ ಉದುರಿತು. ಚಿಪ್ಪುಗಳು ಬಾಯಿ ತೆರೆದುಕೊಂಡು ಸತ್ತಿವೆ.

ಮೊನ್ನೆ ಎಳ್ಳಮಾಸಿಗೆ ಅಲ್ಲೇ ಚರಗ ಚೆಲ್ಲಿದೆ. ಕೂಗಿದೆ. ಒಂದೂ ಬರಲಿಲ್ಲ. ಏಡಿಯೂ ಇಲ್ಲ, ಬೆಳ್ಳಕ್ಕಿಯೂ ಇಲ್ಲ. ನೀರು ತುಂಬಿ ಇಳಿಯಿತು, ಮರುದಿನ ಹೋಗಿ ನೋಡಿದೆ. ಕಡಬು ಕೆಸರಿಗೆ ಅಂಟಿಕೊಂಡು ಕಪ್ಪಾಗಿ ಅಲ್ಲಿಯೇ ಬಿದ್ದಿತ್ತು. ನೊಣ ಕೂಡ ಕೂತಿರಲಿಲ್ಲ.

ಯೆಸೂಬಾಯಿಯ ಗಂಡ ಧಾಕೂನನ್ನು ಪೊಲೀಸರು ಹಿಡಿದಿದ್ದಾರೆ. ಎಣ್ಣೆ ಕದಿಯಲು ತೂಬಿನ ಚಕ್ರ ಮುರಿದನೆಂದು. ಸಂಕ್ರಾಂತಿಯ ನಂತರ ಮಾಮಲೇದಾರರು ಇಲ್ಲಿಗೇ ಬಂದು ವಿಚಾರಣೆ ಮಾಡುತ್ತಾರೆ. ಅವನಿಗೆ ಶಿಕ್ಷೆ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

ಇನ್ನೇನು ಬರೆಯಲಿ.

ರತ್ನಿ

•

ವಾಗದರಿ
೮ ಜನವರಿ ೧೯೩೩

ರತ್ನಿಗೆ.

ಚರಗ ಬಿದ್ದಲ್ಲೇ ಬಿದ್ದಿತ್ತು ಎಂಬುದನ್ನು ಮತ್ತೆ ಮತ್ತೆ ಓದಿದೆ. ಈ ಮನೆಯಲ್ಲಿ ಯಾರ ಕಾಲದಲ್ಲಿಯೂ ಹಾಗಾಗಿಲ್ಲ. ಮಡಿ ಕೆಡಿಸಿದಿ. ಮೀನು ಮುಟ್ಟಿದ ಕೈಗಳ ನಡುವೆ ಅಡುಗೆ ಮಾಡಿದಿ, ಅಥವಾ ಮನಸ್ಸಿನಲ್ಲಿ ಯಾರನ್ನೋ ಶಪಿಸುತ್ತಾ ಚೆಲ್ಲಿದಿ. ತಾಯಿ ಸುಮ್ಮನೆ ಊಟ ಬಿಡುವವಳಲ್ಲ. ತಪ್ಪು ಕಾಣಿಕೆ ಇಟ್ಟು ಬೇಡಿಕೊ.

ಇನ್ನೊಂದು. ನಿನ್ನ ಮಾವ ಚನ್ನವೀರಪ್ಪ ನಿನ್ನೆ ನಮ್ಮ ಮನೆಗೆ ಬಂದಿದ್ದ. ಪೇಢೆ ತಂದಿದ್ದ, ನನಗೊಂದು ಇಳಕಲ್ ಸೀರೆ ತಂದಿದ್ದ. ತೊಲೆಬಾಗಿಲು ಬಗ್ಗಿ ಒಳಗೆ ಬಂದ.

"ಬೀಗತ್ಯಾರ, ನಿಮ್ಮ ಹುಡುಗಿಗಿ ಒಂದ ಮಾತ ಬರೀರಿ," ಅಂದ. "ಮಾಮಲೇದಾರ ಸಾಹೇಬರು ಮನಿಗಿ ಬಂದು ಏನರೆ ಕೇಳಿದ್ರ, ನನಗ ಗೊತ್ತಿಲ್ರಿ ಅನ್ನಾಕ ಹೇಳ್ರಿ. ಹೆಣಮಕ್ಕಳು ಟಾಕಿ ಕಡಿ ಯಾಕ ಹೋಗ್ಯಾರ?"

"ನಮ್ಮ ಹುಡುಗಿ ಏನ ನೋಡ್ಯಾಳ ಅಂತ ಇಷ್ಟ ದೂರ ಬಂದ್ರಿ?" ಅಂದೆ.

"ಏನೂ ನೋಡಿಲ್ಲ ಬಿಡ್ರಿ. ಅದನ್ನ ಹೇಳಾಕ ಬಂದೀನಿ," ಅಂದ.

ಹಿರಿಯರ ಮಾತು. ಬಾಯಿ ಮುಚ್ಚಿಕೊಂಡಿರು. ಮೀನುಗಾರರ ಜಗಳ ಅವರದು, ಸಂಸಾರ ನಿನ್ನದು. ಆದರೆ ನನ್ನ ಮಗ, ನಿನ್ನಪ್ಪ, ಸತ್ತಾಗ ಸೋಲಾಪುರದಿಂದ ಆಳಿನ ಕೈಯಲ್ಲಿ ಹಾರ ಕಳಿಸಿ ಕೈ ತೊಳೆದುಕೊಂಡ ಮನುಷ್ಯ, ಒಬ್ಬ ಮೀನುಗಾರನ ಸಲುವಾಗಿ ಈ ಹಾಳು ರಸ್ತೆಯಲ್ಲಿ ಎತ್ತಿನ ಗಾಡಿ ಹತ್ತಿ ಬಂದದ್ದು ಯಾಕೆ? ಇದಕ್ಕೆ ಉತ್ತರ ಬರೆ.

ಗುರುಲಿಂಗಮ್ಮ

•

ಕೊಳವಡೆ ಬಂದರ
೧೫ ಜನವರಿ ೧೯೩೩

ಆಯಿ,

ಉತ್ತರ ಬರೆಯುತ್ತೇನೆ. ಆ ಚಕ್ರವನ್ನು ತಿರುಗಿಸಿದ್ದು ಇವರು. ಮಳೆ ಹೊಯ್ಯುತ್ತಿತ್ತು, ಇವರು ನೆನೆಯದಂತೆ ಕೊಡೆ ಹಿಡಿದು ಪಕ್ಕದಲ್ಲಿ ನಿಂತವಳು ನಾನು.

ಕಂಪನಿಯ ಹೊಸ ಸಾಹೇಬ ಟಾಕಿ ನೋಡಲು ಬರುವವನಿದ್ದ. ತಳದಲ್ಲಿ ಕೂತ ಹೊಲಸನ್ನು ಗುಂಡಿ ತೋಡಿ ಹೂಳಬೇಕೆಂದು ನಿಯಮವಿದೆ. ಮಳೆಯಲ್ಲಿ ಗುಂಡಿ ತೋಡುವವರು ಯಾರು? "ಖಾಡಿ ತುಂಬೇದ, ಸಮುದ್ರಕ್ಕ ಒಯ್ತದ, ಯಾರಿಗಿ ತಿಳೀತದ?" ಎಂದರು. ತಳದ ತೂಬು ಬಿಚ್ಚಿದರು. ಹೊಲಸು ಹೋಯಿತು. ತಿರುಗಿ ಮುಚ್ಚಲು ಹೋದರೆ ತುಕ್ಕು ಹಿಡಿದ ಚಕ್ರ ಕೈಗೇ ಕಿತ್ತು ಬಂತು. ಆಮೇಲೆ ಟಾಕಿಯ ಎಣ್ಣೆಯೆಲ್ಲ ಇಳಿಯಿತು.

ಇವರು ಕಿತ್ತ ಚಕ್ರ ಹಿಡಿದುಕೊಂಡು ನಿಂತುಬಿಟ್ಟರು. ವಾಸನೆ ಹಿಡಿದು ಓಡಿಬಂದವನು ಧಾಕೂ. ಗೋಣಿಚೀಲ ತುರುಕಿದ, ಆಗಲಿಲ್ಲವೆಂದು ತನ್ನ ಮೈಯನ್ನೇ ತೂಬಿಗೆ ಒತ್ತಿ ಹಿಡಿದ. ಅವನನ್ನು ಎಳೆದು ತೆಗೆದಾಗ ತಲೆಯಿಂದ ಕಾಲಿನವರೆಗೆ ಎಣ್ಣೆ. ಆ ಎಣ್ಣೆಯೇ ಈಗ ಅವನ ಮೇಲಿನ ಸಾಕ್ಷಿ. ಕದಿಯದಿದ್ದರೆ ಮೈಗೆ ಎಣ್ಣೆ ಹೇಗೆ ಹತ್ತಿತು ಎನ್ನುತ್ತಾರೆ.

ಇವರು ಕೆಟ್ಟವರಲ್ಲ ಆಯಿ. ಹೆದರಿದ್ದಾರೆ. ಮೊದಲ ದಿನ ಹೆದರಿ ಒಂದು ಸುಳ್ಳು ಹೇಳಿದರು, ಈಗ ಅದರೊಳಗೆ ಸಿಕ್ಕಿಕೊಂಡಿದ್ದಾರೆ.

ನನ್ನ ಮಡಿಯಲ್ಲಿ ತಪ್ಪಿರಲಿಲ್ಲ. ತಿನ್ನಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಈಗ ಹೇಳು, ಬಾಯಿ ಮುಚ್ಚಿಕೊಂಡಿರಲೇ?

ರತ್ನಿ

•

ವಾಗದರಿ
೨೦ ಜನವರಿ ೧೯೩೩

ರತ್ನಿ,

ಹಿಂದಿನ ಕಾಗದವನ್ನು ಒಲೆಗೆ ಹಾಕು. ಅದನ್ನು ಬರೆಯುವಾಗ ನನ್ನ ಹೊಟ್ಟೆಯಲ್ಲಿ ಬೀಗರ ಪೇಢೆ ಇತ್ತು.

ಹೆದರಿದ್ದಾನಂತೆ! ಹೆದರುವುದಕ್ಕೆ ನನ್ನ ಅಡ್ಡಿ ಇಲ್ಲ. ನಾಯಿ ಕಂಡರೆ ನಾನೂ ಹೆದರುತ್ತೇನೆ. ಹಾಗೆಂದು ಪಕ್ಕದವಳ ಕೂಸನ್ನು ನಾಯಿಯ ಬಾಯಿಗೆ ನೂಕುತ್ತೇನೆಯೇ? ತನ್ನ ತಪ್ಪನ್ನು ಮೈಯೊಡ್ಡಿ ತಡೆಯಲು ಬಂದವನ ಕೈಗೆ ಕೋಳ ಹಾಕಿಸಿದ. ಅಂಥ ಗಂಡನ ಮೈಮೇಲೆ ಕೊಡೆ ಹಿಡಿದವಳು ನೀನು! ಆ ಕೊಡೆಯನ್ನು ಅಲ್ಲೇ ಅವನ ತಲೆಯ ಮೇಲೆ ಮುರಿಯಬೇಕಿತ್ತು.

ರಾತ್ರಿಯೆಲ್ಲ ಒಂದೇ ಮಾತು ತಲೆಯಲ್ಲಿ ತಿರುಗುತ್ತಿದೆ. ಇವಳು ವರ್ಷವಿಡೀ ಬಸುರಿ ಎಂದಿದ್ದಳಲ್ಲ ಆ ಹೆಂಗಸು. ವರ್ಷಕ್ಕೊಮ್ಮೆ ಬಸುರಿಗೆ ಕಡಬು ಉಣಿಸುವ ಮನೆಯವರು ನಾವು. ಟಾಕಿಯ ತಳ ತೊಳೆದ ಹೊಲಸನ್ನು ಅವಳ ಬಾಯಿಗೆ ಹೊಯ್ದೆವು. ಹೊಟ್ಟೆಯಲ್ಲಿದ್ದದ್ದೆಲ್ಲ ಸತ್ತಿತು. ಮೂಗಿಗೂ ಎಣ್ಣೆ ಬಳಿದೆವು. ಅವಳು ಉಣ್ಣಲಿಲ್ಲ ಎಂದು ನಾನು ನಿನ್ನ ಮಡಿ ಹುಡುಕುತ್ತಾ ಕೂತೆ.

ಬಾಯಿ ತೆಗೆ. ಚಕ್ರ ಹೇಳು, ಕೊಡೆ ಹೇಳು, ಚರಗ ಹೇಳು. ಗಂಡನ ಹೆಸರು ಹೇಗೆ ಹೇಳಲಿ ಎಂದು ಸೆರಗು ಕಚ್ಚಬೇಡ. ಒಡಪಿನಲ್ಲಿ ಹೆಸರು ಹೇಳಿ ಹೊಸಿಲು ದಾಟಿದವಳು, ಕಚೇರಿಯಲ್ಲಿ ಒಡಪು ಇಲ್ಲದೆ ಹೇಳು.

ಬೀಗರ ಇಳಕಲ್ ಸೀರೆಯನ್ನು ನಿನ್ನ ಕಾಕಾ ನಿಂಗಣ್ಣನ ಕೈಯಲ್ಲಿ ಸೋಲಾಪುರಕ್ಕೆ ತಿರುಗಿ ಕಳಿಸಿದೆ. "ಏನ ಹೇಳಲಿ ಅವ್ವಾ?" ಅಂದ. "ಆ ಸೀರಿಗಿ ಎಣ್ಣಿ ನಾರತದ ಅಂತ ಹೇಳು," ಅಂದೆ.

ಗುರುಲಿಂಗಮ್ಮ

•

ಕೊಳವಡೆ ಬಂದರ
೧೨ ಫೆಬ್ರುವರಿ ೧೯೩೩

ಆಯಿಗೆ ಶರಣು.

ಹೇಳಿದೆ. ದಂಡೆಯ ಮೇಲೆ ಮೇಜು ಹಾಕಿದ್ದರು. ಚಕ್ರ, ಕೊಡೆ ಹೇಳಿದಾಗ ಸುಮ್ಮನೆ ಬರೆದುಕೊಂಡರು. ಚರಗದ ಮಾತು ಬಂದಾಗ ಗುಮಾಸ್ತ ನಕ್ಕ. ಮಾಮಲೇದಾರರು, "ಬಾಯಿ, ಏಡಿ ಸಾಕ್ಷಿ ಹೇಳುತ್ತದೆಯೇ?" ಎಂದರು. "ಬಂದಿದ್ದರೆ ಹೇಳುತ್ತಿರಲಿಲ್ಲ ರಾವಸಾಹೇಬ. ಬರಲಿಲ್ಲ, ಅದೇ ಸಾಕ್ಷಿ," ಎಂದೆ. ಅವರು ಎದ್ದು ಕೆಸರಿನವರೆಗೆ ಹೋದರು. ಕೋಲಿನಿಂದ ಚುಚ್ಚಿ ನೋಡಿದರು. ತಿರುಗಿ ಬಂದಾಗ ನಗುವವರು ಯಾರೂ ಇರಲಿಲ್ಲ.

ಧಾಕೂನನ್ನು ಬಿಟ್ಟರು. ಯೆಸೂಬಾಯಿ ನನ್ನ ಹತ್ತಿರ ಬಂದು ನಿಂತಳು. ಕಂಪನಿಯವರು ಟಾಕಿಗೆ ಹೊಸ ಬಣ್ಣ ಬಳಿಸಿದರು, ಇವರನ್ನು ಕೆಲಸದಿಂದ ತೆಗೆದರು. ಖಾಡಿಯನ್ನು ಬಳಿಯಲು ಯಾರೂ ಬರಲಿಲ್ಲ.

ಇವರು ನನ್ನನ್ನು ಬೈದಿಲ್ಲ. ಅದೇ ಭಯ. ಸೋಮವಾರ ಸೋಲಾಪುರಕ್ಕೆ ಹೊರಡುತ್ತೇವೆ.

ರತ್ನಿ

•

ವಾಗದರಿ
೨೨ ಜೂನ್ ೧೯೩೩

ಸೋಲಾಪುರದಲ್ಲಿರುವ ರತ್ನಿಗೆ.

ಇದು ಮೂರನೆಯ ಕಾಗದ. ಎರಡಕ್ಕೆ ಉತ್ತರವಿಲ್ಲ. ನಿಂಗಣ್ಣ ಬಾಗಿಲಿಗೆ ಬಂದರೆ "ಆಕಿ ಮಲಗ್ಯಾಳ" ಎಂದು ಅಂಗಡಿಯಿಂದಲೇ ತಿರುಗಿಸಿದರಂತೆ. ಹಾಡುಹಗಲು ಎಷ್ಟು ನಿದ್ದೆ!

ಈ ಕಾಗದವನ್ನು ಒಡೆದು ಓದುತ್ತಿರುವ ಬೀಗರೇ, ಪೂರ್ತಿ ಓದಿರಿ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಕನ್ನಡಕ ಹುಡುಕುವ ಕಷ್ಟ ನಿಮಗೆ ಬೇಡ. ನನ್ನ ಮೊಮ್ಮಗಳು ನಿಮ್ಮ ಮನೆಯನ್ನು ಮುರಿಯಲಿಲ್ಲ. ನಿಮ್ಮ ಮಗ ಮುರಿದ ಚಕ್ರವನ್ನು ಮುರಿದಿದೆ ಎಂದಳು, ಅಷ್ಟೆ. ಅವಳ ಕೈಗೆ ಒಂದು ಕಾಗದ, ಬರೆಯಲು ಒಂದು ಟಾಕು ಕೊಡಿರಿ. ಇಲ್ಲದಿದ್ದರೆ ನಾನು ಬರುತ್ತೇನೆ. ನಾನು ಬಂದರೆ ನಿಮ್ಮ ಓಣಿಗೆಲ್ಲ ಕೇಳಿಸುವಂತೆ ಮಾತಾಡುವವಳು.

ಗುರುಲಿಂಗಮ್ಮ

•

ಸೋಲಾಪುರ
೩ ಡಿಸೆಂಬರ್ ೧೯೩೩

ಆಯಿ,

ವಳಸಂಗದ ಬೀರಣ್ಣ ಗಾಣಕ್ಕೆ ಕುಸುಬಿ ತಂದಿದ್ದಾನೆ. ಅವನ ಕೈಯಲ್ಲಿ ಗುಟ್ಟಾಗಿ ಕೊಡುತ್ತೇನೆ, ಬೇಗ ಬೇಗ ಬರೆಯುತ್ತಿದ್ದೇನೆ.

ಹೊಡೆಯುವುದಿಲ್ಲ. ಉಣ್ಣಲಿಕ್ಕೆ ಹಾಕುತ್ತಾರೆ. ಅತ್ತೆ ಉಮಾಬಾಯಿ ತಾಟು ಇಟ್ಟು ಹೋಗುತ್ತಾರೆ, ಮಾತಿಲ್ಲ. ಮಾಳಿಗೆಯಿಂದ ಕೆಳಗೆ ಇಳಿಯುವಂತಿಲ್ಲ. ಇವರು ದಿನವಿಡೀ ಅಂಗಡಿಯ ಗಾದಿಯ ಮೇಲೆ ಕೂತಿರುತ್ತಾರೆ. ಒಂದು ದಿನ ನನ್ನ ಕಡೆ ನೋಡದೆಯೇ, "ಖಾಡಿ ಈಗ ಹ್ಯಾಂಗ ಆಗಿರಬೇಕ?" ಎಂದರು.

ಎಳ್ಳಮಾಸಿ ಹತ್ತಿರ ಬಂತು. ಅಲ್ಲಿ ಯಾರು ಚರಗ ಚೆಲ್ಲುತ್ತಾರೆ ಆಯಿ?

ರತ್ನಿ

•

ಕೊಳವಡೆ ಬಂದರ
೧೮ ಡಿಸೆಂಬರ್ ೧೯೩೩

ರತ್ನಿಗೆ, ಅವಳ ಗಂಡ ನಾಗಣ್ಣನ ಕೈಯಿಂದ.

ಈ ಕಾಗದವನ್ನು ನಿನ್ನ ಗಂಡನ ಹೆಸರಿಗೆ ಹಾಕಿದ್ದೇನೆ. ಖಾಡಿ ಹೇಗಿದೆ ಎಂದು ಕೇಳಿದವನು ಅವನಲ್ಲವೇ? ಮೊದಲು ತಾನು ಓದಲಿ. ಓದಿ ನಿನಗೆ ಕೊಟ್ಟರೆ ಅವನಲ್ಲಿ ಇನ್ನೂ ಮನುಷ್ಯ ಇದ್ದಾನೆ. ಕೊಡದಿದ್ದರೂ ನಾನು ಬರುವುದು ನಿಲ್ಲುವುದಿಲ್ಲ.

ಹೌದು, ನಾನೇ ಬಂದಿದ್ದೇನೆ. ಪುಣೆಯವರೆಗೆ ರೈಲು, ಅಲ್ಲಿಂದ ಘಾಟು ಇಳಿಯುವ ಮೋಟಾರು. ನಿಂಗಣ್ಣ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ. ನಾನು ಬೈಯುತ್ತಾ ಬಂದೆ, ಅದಕ್ಕೇ ನನಗೆ ಏನೂ ಆಗಲಿಲ್ಲ.

ಯೆಸೂಬಾಯಿಯ ಒಲೆಯ ಪಕ್ಕದಲ್ಲಿ ಮೂರು ಕಲ್ಲು ಹೂಡಿ ನನ್ನ ಅಡುಗೆ ನಾನು ಮಾಡಿದೆ. ಅವಳು ದೂರ ಕೂತಳು. "ಇಕಡೆ ಯೇ ಗ," ಎಂದು ಮರಾಠಿಯಲ್ಲೇ ಹತ್ತಿರ ಕರೆದೆ. ಬಂದು ಎಳ್ಳು ಹುರಿದುಕೊಟ್ಟಳು. ನನ್ನ ಮಡಿಗೆ ಏನೂ ಆಗಲಿಲ್ಲ, ಅದು ಗಟ್ಟಿ ಮಡಿ.

ನಾಗಣ್ಣ, ಓದು. ಟಾಕಿಯ ಹಿಂದಿನ ಕೆಸರಿಗೆ ಮೊದಲು ಹೋದೆ. ಗಿಡಗಳು ಸತ್ತು ಒಣಕಲು ಕಟ್ಟಿಗೆಯಾಗಿ ನಿಂತಿವೆ. ಕೂಗಿ ಚೆಲ್ಲಿದೆ. ನೀರು ಬರುವ ತನಕ ಕೂತೆ. ಯಾರೂ ಬರಲಿಲ್ಲ. ಈ ವಯಸ್ಸಿನವರೆಗೆ ಹೊಲದಲ್ಲಿ ಕೂಗಿದವಳು ನಾನು, ಹಕ್ಕಿಯಾದರೂ ಓಗೊಡದ ನೆಲವನ್ನು ಕಂಡಿರಲಿಲ್ಲ. ಆ ದಂಡೆಯವರು ಚಿಪ್ಪು ಹುಡುಕಿಕೊಂಡು ಈಗ ಊರು ದಾಟಿ ಹೋಗುತ್ತಾರೆ. ಧಾಕೂನ ಮೈಯ ಚರ್ಮ ಇನ್ನೂ ಬಿರಿಯುತ್ತದೆ. ನಿನ್ನನ್ನು ಒಂದು ಮಾತೂ ಬೈಯಲಿಲ್ಲ ಅವನು. ಅವನ ಪಾಲಿನದನ್ನೂ ಸೇರಿಸಿ ನಾನೇ ಬೈದಿದ್ದೇನೆ.

ಆಮೇಲೆ ಯೆಸೂಬಾಯಿ ನನ್ನನ್ನು ತಿರುವಿನ ಆಚೆಗೆ ಕರೆದುಕೊಂಡು ಹೋದಳು. ಅಲ್ಲಿ ಅವಳೂ ಇನ್ನು ಕೆಲವು ಹೆಂಗಸರೂ ಎಣ್ಣೆ ಕೂತ ಕೆಸರನ್ನು ಬುಟ್ಟಿಯಲ್ಲಿ ಬಗೆದು ದಂಡೆಗೆ ಹಾಕುತ್ತಿದ್ದಾರೆ. ಬಗೆದ ಜಾಗದಲ್ಲಿ ಉಳಿದದ್ದನ್ನು ಚೆಲ್ಲಿದೆ. ಬಹಳ ಹೊತ್ತಿಗೆ ಒಂದು ಏಡಿ ಬಂತು. ಒಂದೇ. ಆ ದೊಡ್ಡ ಕೈಯನ್ನು ನನ್ನ ಮುಂದೆ ಆಡಿಸಿತು, ಥೇಟ್ ನಮ್ಮ ಬೀಗರು ಅಂಗಡಿಯಲ್ಲಿ ಆಳುಗಳನ್ನು ಬೆದರಿಸಿದ ಹಾಗೆ. ಭಜ್ಜಿಯನ್ನು ಮೂಸಿ ಬಿಟ್ಟಿತು. ಕಡಬನ್ನು ಎಳೆದುಕೊಂಡು ಹೋಯಿತು.

ಚಪ್ಪಾಳೆ ತಟ್ಟಬೇಡ ರತ್ನಿ. ಒಂದು ತೆನೆ ಕಂಡರೆ ಸುಗ್ಗಿ ಅಲ್ಲ.

ನಾಳೆ ಹೊರಡುತ್ತೇನೆ. ವಾಗದರಿಗೆ ಅಲ್ಲ, ಸೋಲಾಪುರಕ್ಕೆ. ಟಾಕಿಯ ಹಿಂದಿನ ಕೆಸರನ್ನು ಒಂದು ಗಡಿಗೆ ತುಂಬಿಕೊಂಡಿದ್ದೇನೆ. ಅದನ್ನು ಬೀಗರ ಅಂಗಡಿಯ ಗಾದಿಯ ಮೇಲೆ, ದೀವಳಿಗೆಗೆ ಲಕ್ಷ್ಮಿಯನ್ನು ಕೂರಿಸುವ ಜಾಗದಲ್ಲಿ ಇಡುತ್ತೇನೆ. ಇದೂ ನಿಮ್ಮ ಎಣ್ಣೆಯೇ, ಇದಕ್ಕೂ ಕುಂಕುಮ ಹಚ್ಚಿರಿ ಎನ್ನುತ್ತೇನೆ. ನೀನು ಬಟ್ಟೆ ಗಂಟು ಕಟ್ಟಿಕೊಂಡು ಮಾಳಿಗೆ ಇಳಿದು ನಿಂತಿರು. ಯಾರು ತಡೆಯುತ್ತಾರೋ ನೋಡುತ್ತೇನೆ. ನಾಗಣ್ಣ ಬರುವುದಾದರೆ ಅವನೂ ಬರಲಿ, ಆದರೆ ವಾಗದರಿಗೆ ಬೀಗತನದ ಊಟಕ್ಕಲ್ಲ. ಇಲ್ಲಿಗೆ. ಬುಟ್ಟಿಗಳಿವೆ, ಕೆಸರಿದೆ, ಹೆಂಗಸರ ಕೈಗಳು ಸಾಲುತ್ತಿಲ್ಲ.

ಗಡಿಗೆಯ ಬಾಯಿಗೆ ಅರಿವೆ ಕಟ್ಟು ಎಂದು ನಿಂಗಣ್ಣ ಗೋಳಾಡುತ್ತಿದ್ದಾನೆ. ಕಟ್ಟುವುದಿಲ್ಲ. ರೈಲಿನ ಡಬ್ಬಿಯೆಲ್ಲ ನಾರಲಿ. ಇದೇನು ಎಂದು ಕೇಳಿದವರಿಗೆಲ್ಲ ಹೇಳುತ್ತಾ ಬರುತ್ತೇನೆ.

ಗುರುಲಿಂಗಮ್ಮ